ಗಂಟೆ ಹೊಡೆಯದ ಗಡಿಯಾರ, 62 ಯೂರೋದ ಬಿಲ್ಲು: ಒಂದು ಪ್ರಕರಣ

ಸಾಗರದ ಆಸುಪಾಸಿನ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಈಚೆಗೆ ನನ್ನ ಹತ್ತಿರ ಬರುವವರಲ್ಲಿ ಒಂದು ಪ್ರಶ್ನೆ ಜಾಸ್ತಿಯಾಗಿದೆ. ಹೊರದೇಶದ ಅಂಗಡಿಯವನಿಗೆ ದುಡ್ಡು ಕಳಿಸುವುದು ಹೇಗೆ? ಕೇಳುವವರು ದೊಡ್ಡ ಆಮದುದಾರರಲ್ಲ. ಹಳೆಯ ಕ್ಯಾಮೆರಾದ ಬಿಡಿಭಾಗ ಬೇಕಾದವರು, ಜೇನು ಸಾಕುವವರು, ಮರ ಕೆತ್ತುವ ಉಳಿ ಹುಡುಕುವವರು. ಎಲ್ಲರದ್ದೂ ಐದು, ಹತ್ತು ಸಾವಿರದೊಳಗಿನ ವ್ಯವಹಾರ. ಇಷ್ಟು ಸಣ್ಣ ಮೊತ್ತಕ್ಕೆ ದಾರಿ ಹೇಳಿಕೊಡುವವರು ಯಾರೂ ಇಲ್ಲ. ಅದಕ್ಕೇ ಒಂದು ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ಬರೆದಿಡುತ್ತಿದ್ದೇನೆ. ಸಂಬಂಧಪಟ್ಟವರು ಒಪ್ಪಿದ್ದಾರೆ. ಜನರ ಹೆಸರು ಬದಲಾಯಿಸಿದ್ದೇನೆ. ಬ್ಯಾಂಕು, ಅಂಗಡಿಗಳ ಹೆಸರು ಹೇಳುವುದಿಲ್ಲ.

ಗಡಿಯಾರ ಮತ್ತು ಅದರ ಮಂದಿ

ರಾಮಣ್ಣ ವಾಚು, ಗಡಿಯಾರ ರಿಪೇರಿ ಮಾಡುವವರು. ತಂದೆಯ ಕಾಲದಿಂದ ನಡೆದುಬಂದ ಅಂಗಡಿ. ಕೈಗಡಿಯಾರಕ್ಕೆ ಸೆಲ್ಲು ಹಾಕುವುದರಲ್ಲೇ ಹೊಟ್ಟೆಪಾಡು ನಡೆಯುತ್ತದೆ, ಆದರೆ ಅವರ ಮನಸ್ಸಿರುವುದು ಹಳೆಯ ಗೋಡೆ ಗಡಿಯಾರಗಳಲ್ಲಿ. ಮಲೆನಾಡಿನ ಹಳೆಯ ಮನೆಗಳ ಜಗಲಿಯಲ್ಲಿ ಇವತ್ತಿಗೂ ಜರ್ಮನಿಯ ಗಡಿಯಾರಗಳು ತೂಗುತ್ತಿವೆ. ಎಂಟು ಮೂಲೆಯ ನಕ್ಷತ್ರದೊಳಗೆ ಜೆ ಅಕ್ಷರ ಇದ್ದರೆ ಅದು ಯುಂಗ್‌ಹಾನ್ಸ್. ನಮ್ಮಲ್ಲಿ ಜಂಗನ್ಸ್ ಎನ್ನುತ್ತಾರೆ. ಜರ್ಮನಿಯ ಕಪ್ಪು ಕಾಡು ಎಂಬ ಬೆಟ್ಟಸೀಮೆಯ ಶ್ರಾಂಬರ್ಗ್ ಊರಲ್ಲಿ 1861ರಲ್ಲಿ ಶುರುವಾದ ಕಾರ್ಖಾನೆ ಅದು. 1903ರ ಹೊತ್ತಿಗೆ ಜಗತ್ತಿನಲ್ಲೇ ದೊಡ್ಡ ಗಡಿಯಾರ ಕಂಪನಿಯಾಗಿತ್ತು.

ಅಂಥದ್ದೊಂದು ಗಡಿಯಾರ ಸಾವಿತ್ರಮ್ಮನವರ ಮನೆಯಲ್ಲಿತ್ತು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರುವ ಮುಂಚೆ, 60ರ ದಶಕದಲ್ಲಿ, ಅವರ ಮಾವ ಮನೆ ಬಿಟ್ಟು ಬರುವಾಗ ಹಾಸಿಗೆ ಸುತ್ತಿ ಗಾಡಿಯಲ್ಲಿ ಇಟ್ಟುಕೊಂಡು ಬಂದ ಗಡಿಯಾರ. ಸಮಯ ತೋರಿಸುತ್ತಿತ್ತು, ಗಂಟೆ ಹೊಡೆಯುತ್ತಿರಲಿಲ್ಲ. ಹೊಡೆಯುವ ಕಡೆಯ ಸ್ಪ್ರಿಂಗು ತುಂಡಾಗಿತ್ತು. ಅದಕ್ಕೆ ಮುಂಚೆ ಯಾರೋ ಇನ್ಯಾವುದೋ ಗಡಿಯಾರದ ಸ್ಪ್ರಿಂಗು ಕತ್ತರಿಸಿ ಕೂರಿಸಿದ್ದರು. ಅದರ ಬಿಗಿಗೆ ಒಂದು ಚಕ್ರದ ಹಲ್ಲು ಸವೆದಿತ್ತು. ಹಲ್ಲನ್ನು ರಾಮಣ್ಣ ತಾವೇ ಸರಿಮಾಡಿದರು. ಸ್ಪ್ರಿಂಗು ಮಾತ್ರ ಹೊಸತೇ ಬೇಕಿತ್ತು.

"ಅಮ್ಮಾ, ಇದಕ್ಕೆ ಇದರದ್ದೇ ಅಳತೆ ಸ್ಪ್ರಿಂಗು ಬೇಕು. ಬೇರೇದು ಹಾಕಿದ್ರೆ ಇನ್ನೊಂದು ಚಕ್ರ ತಿನ್ನುತ್ತೆ" ಎಂದು ಅವರು ಹೇಳಿದ್ದಕ್ಕೆ ಸಾವಿತ್ರಮ್ಮ, "ಎಲ್ಲಿಂದಾದ್ರೂ ತರಿಸು ರಾಮಣ್ಣ, ದುಡ್ಡು ನಾನು ಕೊಡ್ತೀನಿ" ಎಂದರು. ಎಲ್ಲಿಂದಾದರೂ ತರಿಸುವುದು ಎಷ್ಟು ಕಷ್ಟ ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಅಮೆರಿಕದ ಅಂಗಡಿ: ಓಟಿಪಿ ಬರಲೇ ಇಲ್ಲ

ರಾಮಣ್ಣನ ಮಗಳು ಇಂಟರ್ನೆಟ್ಟಲ್ಲಿ ಹುಡುಕಿದಳು. ಮೊದಲು ಸಿಕ್ಕಿದ್ದು ಅಮೆರಿಕದ ಒಂದು ಬಿಡಿಭಾಗದ ಅಂಗಡಿ. ಕಾರ್ಡು ಹಾಕಿದರೆ ಸಾಕು, ಸುಲಭ. ಆದರೆ ಅಲ್ಲಿದ್ದ ಹೆಚ್ಚಿನ ಸ್ಪ್ರಿಂಗುಗಳ ತುದಿ ಕುಣಿಕೆಯ ಹಾಗೆ ಸುತ್ತಿಕೊಂಡಿತ್ತು. ಅಮೆರಿಕದ ಹಳೆಯ ಗಡಿಯಾರಗಳಿಗೆ ಅಂಥದ್ದು ಬೇಕು. ಜರ್ಮನಿಯವಕ್ಕೆ ಸಾಮಾನ್ಯವಾಗಿ ತುದಿಯಲ್ಲಿ ತೂತಿರಬೇಕು, ಅದು ಸ್ಪ್ರಿಂಗು ಕೂರುವ ಡಬ್ಬಿಯೊಳಗಿನ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಸ್ಪ್ರಿಂಗು ಅಲ್ಲಿಂದ ಬೇಡ ಎಂದಾಯಿತು. ಪೆಂಡುಲಂ ತೂಗುಬಿಡುವ ತೆಳು ತಗಡುಗಳನ್ನಷ್ಟೇ ತರಿಸೋಣ ಎಂದುಕೊಂಡರು. ಅವು ಎಲ್ಲ ಗಡಿಯಾರಕ್ಕೂ ಆಗಾಗ ಬೇಕಾಗುತ್ತವೆ.

ರಾಮಣ್ಣನ ಹತ್ತಿರ ಇದ್ದದ್ದು ರುಪೇ ಕಾರ್ಡು. ಆ ಅಂಗಡಿಯ ಪುಟ ಅದನ್ನು ಗುರುತಿಸಲಿಲ್ಲ. ಮಗಳ ವೀಸಾ ಡೆಬಿಟ್ ಕಾರ್ಡೂ ಮೊದಲ ಸಲ ನಡೆಯಲಿಲ್ಲ. ಇದಕ್ಕೆ ಕಾರಣ ತುಂಬಾ ಜನಕ್ಕೆ ಗೊತ್ತಿಲ್ಲ. 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಹೊಸ ಕಾರ್ಡು ಕೊಡುವಾಗ ಅದು ಭಾರತದೊಳಗೆ ಮಾತ್ರ ನಡೆಯುವಂತೆ ಇರುತ್ತದೆ. ಹೊರದೇಶದ ವ್ಯವಹಾರವನ್ನು ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ಶುರುಮಾಡಬೇಕು, ಮಿತಿಯನ್ನೂ ಹಾಕಬಹುದು. ಅದನ್ನು ಮಾಡಿದ ಮೇಲೂ ಇನ್ನೊಂದು ತಡೆ ಬಂತು. ಅಮೆರಿಕದ ಅಂಗಡಿಗಳು ಕಾರ್ಡಿನ ವಿಳಾಸವನ್ನು ಬ್ಯಾಂಕಿನ ದಾಖಲೆಯ ಜೊತೆ ತಾಳೆ ನೋಡುವ ಪದ್ಧತಿ ಇಟ್ಟುಕೊಂಡಿವೆ. ನಮ್ಮ ಕಾರ್ಡುಗಳಿಗೆ ಆ ತಾಳೆ ಹೆಚ್ಚಾಗಿ ಸಿಗುವುದಿಲ್ಲ. ಅಂಗಡಿಗೆ ಬರೆದು ಕೇಳಿದ ಮೇಲೆ ಅವರು ತಮ್ಮ ಕಡೆಯಿಂದ ಒಪ್ಪಿಕೊಂಡರು.

ಕೊನೆಗೆ ದುಡ್ಡು ಹೋಯಿತು. ಆದರೆ ಓಟಿಪಿ ಬರಲಿಲ್ಲ. ಒಂದು ಗುಂಡಿ ಒತ್ತಿದ್ದೇ ತಡ, ಖಾತೆಯಿಂದ ಹಣ ಕಡಿತವಾದ ಮೆಸೇಜು. ರಾಮಣ್ಣ ಗಾಬರಿಯಾಗಿ ಕಾರ್ಡು ಬ್ಲಾಕ್ ಮಾಡಿಸಲು ಹೊರಟಿದ್ದರು. ಅಷ್ಟರಲ್ಲಿ ನನಗೆ ಫೋನ್ ಬಂತು.

ಆನ್‌ಲೈನ್ ಕಾರ್ಡು ವ್ಯವಹಾರಕ್ಕೆ ಎರಡನೇ ಪರಿಶೀಲನೆ ಬೇಕು ಎಂದು ನಮ್ಮಲ್ಲಿ 2009ರಿಂದ ಕಡ್ಡಾಯ. ಹದಿನೈದು ವರ್ಷಕ್ಕೂ ಮೇಲಾಯಿತು, ಓಟಿಪಿ ಇಲ್ಲದ ಪಾವತಿ ಎಂದರೆ ನಮಗೆ ಕಳ್ಳತನ ಅನ್ನಿಸುವಷ್ಟು ಅದು ಒಳಗಿಳಿದಿದೆ. ಅಮೆರಿಕದಲ್ಲಿ ಹಾಗೆ ಕಡ್ಡಾಯವಿಲ್ಲ. ಅಲ್ಲಿ ಮೋಸವಾದರೆ ಆಮೇಲೆ ದೂರು ಕೊಟ್ಟು ಹಣ ವಾಪಸು ಪಡೆಯುವ ವ್ಯವಸ್ಥೆ ಗಟ್ಟಿಯಾಗಿದೆ. ನಮ್ಮದು ಬಾಗಿಲಲ್ಲೇ ತಡೆಯುವ ಪದ್ಧತಿ, ಅವರದ್ದು ಆಮೇಲೆ ಸರಿಪಡಿಸುವ ಪದ್ಧತಿ. ಇದನ್ನು ಹೇಳಿದ ಮೇಲೆ ರಾಮಣ್ಣ ಸಮಾಧಾನ ಮಾಡಿಕೊಂಡರು. ಒಂದು ಮುನ್ನೆಚ್ಚರಿಕೆ ಮಾತ್ರ ತೆಗೆದುಕೊಂಡೆವು: ಕೆಲಸ ಮುಗಿದ ಕೂಡಲೇ ಹೊರದೇಶದ ವ್ಯವಹಾರವನ್ನು ಆ್ಯಪ್‌ನಲ್ಲಿ ಮತ್ತೆ ಬಂದ್ ಮಾಡುವುದು. ಇಂಥ ಕಾರ್ಡು ವ್ಯವಹಾರಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಶೇ 3.5ರಷ್ಟು ಹೆಚ್ಚುವರಿ ಹಾಕುತ್ತವೆ, ಅದರ ಮೇಲೆ ಶೇ 18 ಜಿಎಸ್‌ಟಿ. ಸಣ್ಣ ಮೊತ್ತಕ್ಕೆ ಅದೇನೂ ಭಾರವಲ್ಲ. ತಗಡುಗಳು ಬಂದವು.

ಜರ್ಮನಿಯ ಉತ್ತರ

ಸ್ಪ್ರಿಂಗು ಸಿಕ್ಕಿದ್ದು ಕಪ್ಪು ಕಾಡಿನದೇ ಒಂದು ಸಣ್ಣ ಅಂಗಡಿಯಲ್ಲಿ. ರಾಮಣ್ಣ ತುಂಡಾದ ಸ್ಪ್ರಿಂಗನ್ನು ವರ್ನಿಯರ್‌ನಲ್ಲಿ ಅಳೆದು, 18 ಮಿ.ಮೀ. ಅಗಲ, 0.40 ಮಿ.ಮೀ. ದಪ್ಪ ಎಂದು ಬರೆದು, ತೂತಿನ ತುದಿಯ ಫೋಟೋ ತೆಗೆಸಿ ಕಳಿಸಿದರು. ಉತ್ತರ ಬಂತು. ಸರಕು ಇದೆ. ಅಂಚೆವೆಚ್ಚ ಸೇರಿ 62 ಯೂರೋ. ಜೊತೆಗೊಂದು ಬಿಲ್ಲು. ಮುಂಗಡವಾಗಿ ಬ್ಯಾಂಕಿಗೆ ಹಾಕಿ, ಪೂರ್ತಿ ಹಣ ಬಂದ ಮೇಲೆ ಕಳಿಸುತ್ತೇವೆ. ಕಾರ್ಡು ತೆಗೆದುಕೊಳ್ಳುವುದಿಲ್ಲ. ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆಯೂ ಇಲ್ಲ.

"ಮಾಲು ಬರೋ ಮೊದ್ಲೇ ಪೂರ್ತಿ ದುಡ್ಡಾ? ಕಾರ್ಡೂ ಬೇಡ್ವಂತೆ. ಇದು ಟೋಪಿನೇ" ಎಂದರು ರಾಮಣ್ಣ. ಸಾವಿತ್ರಮ್ಮನ ಮಗನೂ ಅದನ್ನೇ ಹೇಳಿದರು. ಸಂದೇಹ ಸಹಜ. ಪತ್ರಿಕೆಯಲ್ಲಿ ದಿನಾ ಓದುತ್ತೇವೆ, ಮುಂಗಡ ಕಳಿಸಿ ಮೋಸ ಹೋದವರ ಸುದ್ದಿ. ಇಲ್ಲಿಯೇ ಈ ಪ್ರಕರಣದ ಮೊದಲ ತಿರುವು. ಅನುಮಾನ ಇಟ್ಟುಕೊಂಡೇ, ಅದನ್ನು ಸರಿಯಾದ ಜಾಗದಲ್ಲಿ ಇಡೋಣ ಎಂದು ನಾನು ಹೇಳಿದೆ. ಹಣ ಕೇಳುವ ರೀತಿಯನ್ನು ಸದ್ಯಕ್ಕೆ ಬದಿಗಿಟ್ಟು, ಅಂಗಡಿ ನಿಜವಾಗಿ ಇದೆಯಾ ಅಂತ ನೋಡಿದೆವು.

ಜರ್ಮನಿಯಲ್ಲಿ ವ್ಯಾಪಾರದ ಪ್ರತಿಯೊಂದು ಜಾಲತಾಣದಲ್ಲೂ ಇಂಪ್ರೆಸ್ಸುಮ್ ಎಂಬ ಪುಟ ಇರಲೇಬೇಕು, ಅದು ಕಾನೂನು. ನಡೆಸುವವರ ಹೆಸರು, ಪೂರ್ತಿ ವಿಳಾಸ, ಸಂಪರ್ಕ, ತೆರಿಗೆ ಗುರುತಿನ ಸಂಖ್ಯೆ ಇದ್ದರೆ ಅದು, ಎಲ್ಲ ಅಲ್ಲಿರಬೇಕು. ಈ ಅಂಗಡಿಯದ್ದು ಇತ್ತು. ತೆರಿಗೆ ಸಂಖ್ಯೆ ಡಿಇ ಎಂಬ ಎರಡಕ್ಷರ ಮತ್ತು ಒಂಬತ್ತು ಅಂಕಿ. ಅದು ಚಾಲ್ತಿಯಲ್ಲಿದೆಯಾ ಎಂದು ಐರೋಪ್ಯ ಒಕ್ಕೂಟದ ವಿಐಇಎಸ್ ಎಂಬ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನೋಡಿದೆವು, ಚಾಲ್ತಿಯಲ್ಲಿತ್ತು. ಆಮೇಲೆ ಮಗಳು ಆ ಪುಟದಲ್ಲಿದ್ದ ಸ್ಥಿರ ದೂರವಾಣಿಗೆ ಫೋನ್ ಮಾಡಿ, ಬಿಲ್ಲಿನಲ್ಲಿರುವ ಖಾತೆ ಸಂಖ್ಯೆಯ ಕೊನೆಯ ಅಂಕಿಗಳನ್ನು ಓದಿ ಹೌದಾ ಎಂದು ಕೇಳಿದಳು. ಈ ಕೊನೆಯ ಹೆಜ್ಜೆಯನ್ನು ಯಾರೂ ಬಿಡಬೇಡಿ. ಇಮೇಲ್ ಕದ್ದು, ನಡುವೆ ಖಾತೆ ಸಂಖ್ಯೆ ಬದಲಿಸುವ ಮೋಸ ಎಲ್ಲ ದೇಶಗಳಲ್ಲೂ ಇದೆ. ಅಂಗಡಿ ನಿಜ ಇದ್ದರೂ ಖಾತೆ ಕಳ್ಳನದಾಗಿರಬಹುದು.

ಹಾಗಾದರೆ ಅವರೇಕೆ ಹಾಗೆ ಕೇಳಿದರು? ಅವರ ರೂಢಿ ಅದು. ಜರ್ಮನಿಯ ಬಿಲ್ಲನ್ನು ಒಮ್ಮೆ ನೋಡಿದರೆ ಗೊತ್ತಾಗುತ್ತದೆ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬ್ಯಾಂಕಿನ ಹೆಸರು, ಐಬ್ಯಾನ್ ಎಂಬ ಖಾತೆ ಸಂಖ್ಯೆ, ಬ್ಯಾಂಕಿನ ಗುರುತು, ಎಲ್ಲ ಅಚ್ಚಾಗಿರುತ್ತದೆ. ನಮ್ಮಲ್ಲಿ ಅಂಗಡಿ ಮುಂದೆ ಕ್ಯೂಆರ್ ಅಂಟಿಸಿದ ಹಾಗೆ. ಹಿಂದೆಲ್ಲ ಬಿಲ್ಲಿನ ಜೊತೆಗೇ ತುಂಬಿದ ಬ್ಯಾಂಕ್ ಚೀಟಿಯನ್ನು ಇಟ್ಟು ಕಳಿಸುತ್ತಿದ್ದರು, ಸಹಿ ಹಾಕಿ ಬ್ಯಾಂಕಿಗೆ ಕೊಟ್ಟರೆ ಮುಗಿಯಿತು. ಖಾತೆಯಿಂದ ಖಾತೆಗೆ ಹಾಕುವುದು ಅವರಿಗೆ ಅಷ್ಟು ಹಳೆಯ ಅಭ್ಯಾಸ. ಯೂರೋ ವಲಯದೊಳಗೆ ಅದಕ್ಕೆ ಖರ್ಚೂ ಇಲ್ಲದಷ್ಟು ಕಡಿಮೆ.

ಅಮೆರಿಕದವರು ಇದಕ್ಕೆ ತದ್ವಿರುದ್ಧ. ಅಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ವೈರ್ ಕಳಿಸಲು ಹತ್ತಾರು ಡಾಲರ್ ಕೀಳುತ್ತಾರೆ, ಹಾಗಾಗಿ ಜನ ಚೆಕ್ಕು ಮತ್ತು ಕಾರ್ಡಿಗೆ ಒಗ್ಗಿದ್ದಾರೆ. ಖಾತೆ ಸಂಖ್ಯೆಯನ್ನು ಗುರುತಿಲ್ಲದವರಿಗೆ ಕೊಡಲು ಹಿಂಜರಿಯುತ್ತಾರೆ. ನೆದರ್ಲೆಂಡ್ಸ್‌ನವರಿಗೆ 2005ರಿಂದ ಖಾತೆಯಿಂದ ನೇರವಾಗಿ ಆನ್‌ಲೈನಲ್ಲಿ ಕಟ್ಟುವ ಐಡೀಲ್ ಇದೆ, ಕೆನ್ಯಾದವರಿಗೆ 2007ರಿಂದ ಮೊಬೈಲಿನ ಎಂ‑ಪೆಸಾ, ಬ್ರೆಜಿಲ್‌ನವರಿಗೆ 2020ರಿಂದ ಪಿಕ್ಸ್. ಜಪಾನಿನಲ್ಲಿ ಆನ್‌ಲೈನಲ್ಲಿ ಕೊಂಡದ್ದಕ್ಕೆ ಬೀದಿ ಮೂಲೆಯ ಕಿರಾಣಿ ಅಂಗಡಿಯಲ್ಲಿ ನಗದು ಕಟ್ಟುವುದೂ ಮಾಮೂಲು. ನಮಗೆ 2016ರಿಂದ ಯುಪಿಐ. ಪ್ರತಿಯೊಂದೂ ತನ್ನ ಮನೆಯೊಳಗೆ ಚೆನ್ನಾಗಿ ಓಡುತ್ತದೆ. ಗಡಿ ದಾಟುವಾಗ ಹೆಚ್ಚಿನವು ನಿಂತುಬಿಡುತ್ತವೆ. ಎಲ್ಲೆಡೆ ತಲುಪುವುದು ಎರಡೇ: ದೊಡ್ಡ ಕಂಪನಿಗಳ ಕಾರ್ಡು, ಮತ್ತು ದೇಶದಿಂದ ದೇಶಕ್ಕೆ ಹಣ ಕಳಿಸಲು ಬ್ಯಾಂಕುಗಳು ಬಳಸುವ ಸ್ವಿಫ್ಟ್ ಜಾಲ. ಜರ್ಮನಿಯ ಈ ಅಂಗಡಿ ಕಾರ್ಡು ಬೇಡ ಎಂದ ಮೇಲೆ ಸ್ವಿಫ್ಟ್ ಒಂದೇ ಉಳಿಯಿತು.

ಯಾರ ಹೆಸರಲ್ಲಿ ಕೊಳ್ಳುವುದು

ಬ್ಯಾಂಕಿಗೆ ಹೋಗುವ ಮೊದಲು ತೀರ್ಮಾನ ಆಗಬೇಕಿದ್ದದ್ದು ಇದು. ವ್ಯಾಪಾರಕ್ಕೆ ಅಂತ ಹೊರದೇಶದಿಂದ ಸರಕು ತರಿಸುವವರಿಗೆ ಐಇಸಿ ಎಂಬ ಆಮದು‑ರಫ್ತು ಸಂಖ್ಯೆ ಬೇಕು. ರಾಮಣ್ಣ ಗಿರಾಕಿಯ ಗಡಿಯಾರಕ್ಕೆ ಹಾಕಿ ದುಡ್ಡು ತೆಗೆದುಕೊಳ್ಳುವವರು, ಅದು ವ್ಯಾಪಾರವೇ. ಆದರೆ ತನ್ನ ಸ್ವಂತ ಬಳಕೆಗೆ ತರಿಸಿಕೊಳ್ಳುವವರಿಗೆ ಆ ಸಂಖ್ಯೆ ಬೇಕಿಲ್ಲ. ಗಡಿಯಾರ ಸಾವಿತ್ರಮ್ಮನದ್ದು, ಸ್ಪ್ರಿಂಗು ಕೂರುವುದು ಅವರ ಮನೆಯ ಗೋಡೆಯಲ್ಲಿ. ಹಾಗಾಗಿ ಈ ಒಂದು ಸ್ಪ್ರಿಂಗನ್ನು ಸಾವಿತ್ರಮ್ಮನೇ ಕೊಳ್ಳಲಿ, ಬಿಲ್ಲೂ ಪಾರ್ಸೆಲ್ಲೂ ಅವರ ಹೆಸರಿಗೇ ಬರಲಿ, ರಾಮಣ್ಣ ಕೂರಿಸುವ ಕೂಲಿ ಮಾತ್ರ ತೆಗೆದುಕೊಳ್ಳಲಿ ಎಂದು ನಿರ್ಧರಿಸಿದೆವು. ಮುಂದೆ ಬೇರೆ ಗಡಿಯಾರಗಳಿಗೂ ಬೇಕಾಗುತ್ತದಲ್ಲ, ಅದಕ್ಕೆ ರಾಮಣ್ಣನ ಹೆಸರಲ್ಲಿ ಐಇಸಿಗೂ ಅರ್ಜಿ ಹಾಕಿದೆವು. ಅದು ಆನ್‌ಲೈನಲ್ಲೇ ಆಗುತ್ತದೆ. ಶುಲ್ಕ 500 ರೂಪಾಯಿ, ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆ. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಒಮ್ಮೆ ವಿವರ ದೃಢೀಕರಿಸಬೇಕು, ಬದಲಾವಣೆ ಇಲ್ಲದಿದ್ದರೂ. ಇದನ್ನು ಮರೆತು ಸಂಖ್ಯೆ ನಿಷ್ಕ್ರಿಯ ಆದವರು ನನ್ನ ಗಿರಾಕಿಗಳಲ್ಲೇ ಇದ್ದಾರೆ.

ಬ್ಯಾಂಕು, ಐಎಫ್‌ಎಸ್‌ಸಿ, ಕಡಿಮೆ ಬಂದ ಹಣ

ಊರಿನ ಶಾಖೆಯಲ್ಲಿ ವಿದೇಶಿ ವಿನಿಮಯದ ಕೆಲಸ ಇರಲಿಲ್ಲ. ಕಾಗದಗಳನ್ನು ಶಿವಮೊಗ್ಗದ ದೊಡ್ಡ ಶಾಖೆಗೆ ಕೊಡಬೇಕಿತ್ತು, 70 ಕಿ.ಮೀ. ಚಿಲ್ಲರೆ ದೂರ. ಸಾವಿತ್ರಮ್ಮನಿಗೆ ಆ ವಯಸ್ಸಲ್ಲಿ ಮಳೆಗಾಲದ ಬಸ್ಸು ಪ್ರಯಾಣ ಬೇಡ ಎಂದು ಊರಿನ ಶಾಖೆಯಲ್ಲೇ ಸಹಿ ಮಾಡಿಸಿ ಕಳಿಸಿದೆವು. ಅರ್ಜಿ, ಪ್ಯಾನ್, ಜರ್ಮನಿಯ ಬಿಲ್ಲು, ಯಾವ ಉದ್ದೇಶಕ್ಕೆ ಎಂಬ ಘೋಷಣೆ.

ಅರ್ಜಿ ತುಂಬುವಾಗ ಅಲ್ಲಿನ ಸಿಬ್ಬಂದಿ ಫೋನ್ ಮಾಡಿ ಕೇಳಿದ್ದು, "ಪಾರ್ಟಿಯ ಐಎಫ್‌ಎಸ್‌ಸಿ ಎಷ್ಟು?" ಐಎಫ್‌ಎಸ್‌ಸಿ ನಮ್ಮ ದೇಶದ್ದು ಮಾತ್ರ. ಜರ್ಮನಿಗೆ ಬೇಕಾದದ್ದು 22 ಅಕ್ಷರ, ಅಂಕಿಗಳ ಐಬ್ಯಾನ್. ಮೊದಲು ಡಿಇ, ನಂತರ ಎರಡು ತಾಳೆ ಅಂಕಿ, ಬ್ಯಾಂಕಿನ ಎಂಟು ಅಂಕಿ, ಖಾತೆಯ ಹತ್ತು ಅಂಕಿ. ಡಿಇ ಬಿಟ್ಟು ಬರೆದರೆ ಅದು ಐಬ್ಯಾನೇ ಅಲ್ಲ. ಜೊತೆಗೆ ಬ್ಯಾಂಕಿನ ಗುರುತಾದ ಬಿಐಸಿ, ಎಂಟೋ ಹನ್ನೊಂದೋ ಅಕ್ಷರ. ಅಮೆರಿಕಕ್ಕೆ ಕಳಿಸುವವರು ಐಬ್ಯಾನ್ ಹುಡುಕಿ ಸುಸ್ತಾಗುವುದನ್ನೂ ನೋಡಿದ್ದೇನೆ. ಅಲ್ಲಿ ಐಬ್ಯಾನ್ ಇಲ್ಲ. ಒಂಬತ್ತು ಅಂಕಿಯ ರೂಟಿಂಗ್ ಸಂಖ್ಯೆ, ಖಾತೆ ಸಂಖ್ಯೆ, ಬಿಐಸಿ ಬೇಕು.

ಹಣ ಹೋಯಿತು. ಯೂರೋಗೆ ಸುಮಾರು 90 ರೂಪಾಯಿ ಲೆಕ್ಕದಲ್ಲಿ 5,600 ರೂಪಾಯಿ ಹತ್ತಿರ. ಬ್ಯಾಂಕಿನ ಕಮಿಷನ್, ಸ್ವಿಫ್ಟ್ ಸಂದೇಶದ ಶುಲ್ಕ, ಜಿಎಸ್‌ಟಿ ಸೇರಿ ಮೇಲೆ 1,300 ರೂಪಾಯಿಗೂ ಜಾಸ್ತಿ. ಇದರಲ್ಲಿ ಕರೆನ್ಸಿ ಬದಲಾವಣೆಯ ಜಿಎಸ್‌ಟಿಗೇ ಕನಿಷ್ಠ 45 ರೂಪಾಯಿ ಇರುತ್ತದೆ. ನೂರು ರೂಪಾಯಿ ಕಳಿಸಿದರೂ ಅಷ್ಟೇ. ಸಣ್ಣ ಮೊತ್ತ ಕಳಿಸುವವರಿಗೆ ಈ ವ್ಯವಸ್ಥೆಯಲ್ಲಿ ಜಾಗವೇ ಇಲ್ಲ, ಅದು ನನಗೆ ನಿಜಕ್ಕೂ ಬೇಸರದ ವಿಷಯ.

ವಾರ ಕಳೆದರೂ ಅಂಗಡಿಯಿಂದ ಸುದ್ದಿ ಇಲ್ಲ. ನಾವೇ ಬರೆದು ಕೇಳಿದಾಗ ಉತ್ತರ ಬಂತು: ಭಾರತದಿಂದ ಯಾರದ್ದೋ ಹೆಸರಲ್ಲಿ 50 ಯೂರೋ ಬಂದಿದೆ, ಬಿಲ್ಲಿನ ಸಂಖ್ಯೆ ಇಲ್ಲ, ಅದು ನಿಮ್ಮದಾ? ಹೌದಾದರೆ ಇನ್ನೂ 12 ಯೂರೋ ಬಾಕಿ ಇದೆ.

ಇಲ್ಲಿ ಒಟ್ಟಿಗೆ ಎರಡು ವಿಷಯ ತಪ್ಪಿದ್ದವು. ಮೊದಲನೆಯದು ಗುರುತು. ಜರ್ಮನಿಯವರು ಖಾತೆಗೆ ಬಂದ ಹಣವನ್ನು ಬಿಲ್ಲಿನ ಸಂಖ್ಯೆ ಹಿಡಿದೇ ತಾಳೆ ಮಾಡುತ್ತಾರೆ. ಅವರ ಬ್ಯಾಂಕ್ ಚೀಟಿಯಲ್ಲಿ ಅದಕ್ಕೆಂದೇ ಒಂದು ಸಾಲಿರುತ್ತದೆ, ಅದನ್ನು ಖಾಲಿ ಬಿಡುವುದು ಅಲ್ಲಿ ಯೋಚಿಸಲೂ ಆಗದ ವಿಷಯ. ನಮ್ಮ ಅರ್ಜಿಯಲ್ಲಿ ಆ ಸಾಲಿಗೆ ಬ್ಯಾಂಕಿನವರು ಬರೀ "ಬಿಡಿಭಾಗ" ಎಂದು ತುಂಬಿದ್ದರು. ಬ್ಯಾಂಕ್ ದಾಖಲೆಯಲ್ಲಿ ಸಾವಿತ್ರಮ್ಮನ ಹೆಸರು ಗಂಡನ ಹೆಸರು, ಊರಿನ ಹೆಸರು ಸೇರಿ ಉದ್ದಕ್ಕಿತ್ತು, ಇಮೇಲ್ ಬರೆದದ್ದು ರಾಮಣ್ಣನ ಮಗಳು. ಅವರು ಹೇಗೆ ಹೊಂದಿಸಬೇಕು ಹೇಳಿ.

ಎರಡನೆಯದು ಶುಲ್ಕ. ಸ್ವಿಫ್ಟ್‌ನಲ್ಲಿ ಖರ್ಚು ಯಾರು ಹೊರಬೇಕು ಎಂದು ಮೂರು ಆಯ್ಕೆ ಇರುತ್ತದೆ. ಓಯುಆರ್ ಎಂದರೆ ಎಲ್ಲ ಖರ್ಚು ಕಳಿಸುವವರದ್ದು. ಎಸ್‌ಎಚ್‌ಎ ಎಂದರೆ ಇಬ್ಬರಿಗೂ ಹಂಚಿಕೆ, ನಡುವಿನ ಬ್ಯಾಂಕುಗಳು ಸಾಗುವ ಹಣದಿಂದಲೇ ಮುರಿದುಕೊಳ್ಳುತ್ತವೆ. ಬಿಇಎನ್ ಎಂದರೆ ಎಲ್ಲ ಪಡೆಯುವವರ ತಲೆಮೇಲೆ. ಏನೂ ಹೇಳದಿದ್ದರೆ ಹೆಚ್ಚಿನ ಕಡೆ ಎಸ್‌ಎಚ್‌ಎ ಎಂದೇ ಹೋಗುತ್ತದೆ. ಹಾಗೇ ಆಗಿತ್ತು. ದಾರಿಯಲ್ಲಿ 12 ಯೂರೋ ಕರಗಿತ್ತು.

ರಾಮಣ್ಣನಿಗೆ ಸಿಟ್ಟು ಬಂತು. "ನಾವು ಪೂರ್ತಿ ಕಳಿಸಿದೀವಿ. ಅವರ ಬ್ಯಾಂಕು ತಿಂದ್ರೆ ನಾವೇನ್ ಮಾಡೋದು?" ಇಲ್ಲಿನ ಲೆಕ್ಕದಲ್ಲಿ ಅವರ ಮಾತು ನ್ಯಾಯವೇ. ಆದರೆ ಅಂಗಡಿಯವರ ಕಡೆಯಿಂದ ನೋಡಿ. ಅವರ ದೇಶದ ಗಿರಾಕಿ 62 ಎಂದರೆ 62 ಹಾಕುತ್ತಾನೆ, 62 ಬರುತ್ತದೆ. ಕಡಿಮೆ ಬಂದರೆ ಗಿರಾಕಿ ಕಡಿಮೆ ಹಾಕಿದ್ದಾನೆ ಅಂತಲೇ ಅರ್ಥ.

12 ಯೂರೋ

ಬಾಕಿ 12 ಯೂರೋವನ್ನು ಮತ್ತೆ ಬ್ಯಾಂಕಿನಿಂದ ಕಳಿಸಿದರೆ ಇನ್ನೊಮ್ಮೆ ಸಾವಿರದ ಮೇಲೆ ಖರ್ಚು, ಮತ್ತೆ ದಾರಿಯಲ್ಲಿ ಕಡಿತ. ಅಂಗಡಿಯವರಿಗೆ ಬರೆದು, ಬ್ಯಾಂಕಿನಿಂದ ಪಡೆದ ಸ್ವಿಫ್ಟ್ ಪ್ರತಿಯನ್ನು ಕಳಿಸಿ, 62 ಹೊರಟಿದೆ ಎಂದು ತೋರಿಸಿದೆವು. ಅವರು ವಿನಯವಾಗಿಯೇ ಉತ್ತರಿಸಿದರು: ನಮ್ಮ ಲೆಕ್ಕ ಹೊಂದಬೇಕು, ಏನಾದರೂ ದಾರಿ ಹುಡುಕಿ.

ಆಗ ಸಾವಿತ್ರಮ್ಮನಿಗೆ ನೆನಪಾದದ್ದು ರಾಟರ್‌ಡ್ಯಾಮ್‌ನಲ್ಲಿ ಕೆಲಸದಲ್ಲಿರುವ ಮೊಮ್ಮಗ. ಅವನು ಫೋನಿನಲ್ಲಿ ಐಬ್ಯಾನ್ ಒತ್ತಿ, ಬಿಲ್ಲಿನ ಸಂಖ್ಯೆ ಬರೆದು, 12 ಯೂರೋ ಹಾಕಿದ. ದೇಶ ಬೇರೆಯಾದರೂ ಯೂರೋ ವಲಯ ಒಂದೇ, ಸೆಪಾ ಎಂಬ ಒಂದೇ ವ್ಯವಸ್ಥೆ. ಕೂಡಲೇ ತಲುಪಿತು, ಕಡಿತ ಇಲ್ಲ. ಅಜ್ಜಿಯ ಗಡಿಯಾರಕ್ಕೆ ಅವನು ಕೊಟ್ಟದ್ದು, ವಾಪಸು ಕೇಳಲಿಲ್ಲ. ಸ್ಪ್ರಿಂಗು ಹೊರಟಿತು. ಅಂಚೆಯವರು ಕಸ್ಟಮ್ಸ್ ಸುಂಕದ ಚೀಟಿ ತೋರಿಸಿ ಹಣ ಪಡೆದು ಪೊಟ್ಟಣ ಕೊಟ್ಟರು. ಎಣ್ಣೆ ಕಾಗದದಲ್ಲಿ ಸುತ್ತಿ, ತಂತಿಯಿಂದ ಬಿಗಿದ ಸ್ಪ್ರಿಂಗು, ತುದಿಯಲ್ಲಿ ತೂತು. ರಾಮಣ್ಣ ಅದನ್ನು ಡಬ್ಬಿಗೆ ಕೂರಿಸಿದ ದಿನ ಅಂಗಡಿ ಅರ್ಧ ದಿನ ಮುಚ್ಚಿತ್ತು.

ಈ ಸುಲಭ ಕಂಡ ಮೇಲೆ ರಾಮಣ್ಣನ ತಲೆಗೆ ಒಂದು ಯೋಚನೆ ಬಂತು. ಇನ್ನು ಮುಂದೆ ಎಲ್ಲ ಬಿಲ್ಲನ್ನೂ ಆ ಹುಡುಗನ ಕೈಯಲ್ಲೇ ಕಟ್ಟಿಸಿ, ಇಲ್ಲಿ ಅವನ ಅಪ್ಪನ ಕೈಗೆ ರೂಪಾಯಿ ಕೊಟ್ಟರೆ ಆಯ್ತಲ್ಲ? ಬ್ಯಾಂಕಿನ ಖರ್ಚು ಉಳಿಯಿತು.

ನಾನು ಬೇಡ ಎಂದೆ. ಈ ಪ್ರಕರಣದಲ್ಲಿ ಇದಕ್ಕಿಂತ ಮುಖ್ಯವಾದ ತಿರುವು ಇಲ್ಲ. ಮೊಮ್ಮಗ ತನ್ನ ದುಡ್ಡಿನಿಂದ ಅಜ್ಜಿಗೆ ಕೊಡಿಸಿದ್ದು ಉಡುಗೊರೆ. ಅಲ್ಲಿ ಯೂರೋ ಕೊಡಿಸಿ, ಅದಕ್ಕೆ ಬದಲಾಗಿ ಇಲ್ಲಿ ರೂಪಾಯಿ ಕೊಡುವುದು ಬೇರೆ. ಅದು ಅಧಿಕೃತ ಬ್ಯಾಂಕನ್ನು ಬಿಟ್ಟು ವಿದೇಶಿ ಪಾವತಿ ಮಾಡಿದಂತೆ, 1999ರ ಫೆಮಾ ಎಂಬ ವಿದೇಶಿ ವಿನಿಮಯ ಕಾಯ್ದೆಗೆ ವಿರುದ್ಧ. ಮೊತ್ತ ಸಣ್ಣದು, ಉದ್ದೇಶ ಒಳ್ಳೆಯದು ಅಂತ ಕಾಯ್ದೆ ಬದಲಾಗುವುದಿಲ್ಲ. ನಮ್ಮ ಕಡೆ ಮನೆಗೊಬ್ಬರು ಹೊರದೇಶದಲ್ಲಿದ್ದಾರೆ. ಇಂಥ ಕೊಡು‑ಕೊಳ್ಳುವಿಕೆ ಸುಮ್ನೆ ಸಹಾಯ ಎಂದೇ ಎಲ್ಲರೂ ತಿಳಿದಿದ್ದಾರೆ. ವ್ಯಾಪಾರಕ್ಕೆ ಅದನ್ನು ಬಳಸಿದರೆ ಇನ್ನೂ ತೊಂದರೆ. ಸರಕು ಬಂದ ಕಾಗದ ಇರುತ್ತದೆ, ಹಣ ಹೋದ ಕಾಗದ ಇರುವುದಿಲ್ಲ. ನಾಳೆ ತೆರಿಗೆಯವರು ಕೇಳಿದರೆ ತೋರಿಸಲು ಏನೂ ಇಲ್ಲ. ರಾಮಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಹಾಗಾದ್ರೆ ಒಟ್ಟು ಮಾಡಿ ತರ್ಸೋಣ" ಎಂದರು.

ಒಟ್ಟು ಮಾಡಿ ತರಿಸಿದ್ದು

ಆ ಮಾತೇ ದಾರಿ ತೋರಿಸಿತು. ಸ್ವಿಫ್ಟ್‌ನ ಖರ್ಚು 60 ಯೂರೋಗೂ 600 ಯೂರೋಗೂ ಹೆಚ್ಚುಕಡಿಮೆ ಒಂದೇ. ರಾಮಣ್ಣ ತೀರ್ಥಹಳ್ಳಿ, ಹೊಸನಗರ, ಸೊರಬದ ತಮ್ಮಂಥ ರಿಪೇರಿಯವರಿಗೆ ಫೋನ್ ಮಾಡಿದರು. ಯಾರ್ಯಾರ ಅಂಗಡಿಯ ಅಟ್ಟದಲ್ಲಿ ಸ್ಪ್ರಿಂಗಿಗೆ ಕಾಯುತ್ತಾ ಕೂತ ಗಡಿಯಾರಗಳಿವೆಯೋ ಎಲ್ಲದರ ಅಳತೆ ತರಿಸಿದರು. ಐಇಸಿ ಅಷ್ಟರಲ್ಲಿ ಬಂದಿತ್ತು. ರಾಮಣ್ಣನ ಹೆಸರಲ್ಲಿ ಒಂದೇ ಬಿಲ್ಲು, ಸುಮಾರು 400 ಯೂರೋದ್ದು. ಉಳಿದವರು ರಾಮಣ್ಣನಿಂದ ಇಲ್ಲಿನ ಬಿಲ್ಲಿನಲ್ಲಿ ಕೊಂಡರು.

ಈ ಸಲ ಹಣ ಕಳಿಸುವ ಮೊದಲೇ ನಾಲ್ಕು ವಿಷಯ ಬರೆದು ಕೇಳಿದೆವು. ನಿಮ್ಮ ದರದಲ್ಲಿ ಜರ್ಮನಿಯ ಶೇ 19 ವ್ಯಾಟ್ ಸೇರಿದೆಯಾ? ಐರೋಪ್ಯ ಒಕ್ಕೂಟದ ಹೊರಗೆ ಹೋಗುವ ಸರಕಿಗೆ ಆ ತೆರಿಗೆ ಇಲ್ಲ. ಅವರು ಅದನ್ನು ತೆಗೆದು ಬಿಲ್ಲು ತಿದ್ದಿದರು, ಬ್ಯಾಂಕ್ ಖರ್ಚಿನ ಎಷ್ಟೋ ಪಾಲು ಅಲ್ಲೇ ಹುಟ್ಟಿತು. ಬಿಲ್ಲಿನ ಸಂಖ್ಯೆಯನ್ನು ಯಾವ ರೀತಿ ಬರೆಯಬೇಕು? ಹಣ ಯಾರ ಹೆಸರಿಂದ ಬರುತ್ತದೆ ಎಂದು ಮೊದಲೇ ತಿಳಿಸುತ್ತೇವೆ, ಗುರುತಿಟ್ಟುಕೊಳ್ಳುತ್ತೀರಾ? ಒಂದೆರಡು ಯೂರೋ ಹೆಚ್ಚುಕಡಿಮೆ ಬಂದರೆ ಮುಂದಿನ ಬಿಲ್ಲಿಗೆ ಹೊಂದಿಸುತ್ತೀರಾ? ಎಲ್ಲದಕ್ಕೂ ನೇರ ಉತ್ತರ ಬಂತು. ಬ್ಯಾಂಕಿನಲ್ಲಿ ಓಯುಆರ್ ಎಂದು ಸ್ಪಷ್ಟವಾಗಿ ಬರೆಸಿದೆವು. ಅದಕ್ಕೆ ಸ್ವಲ್ಪ ಹೆಚ್ಚು ಕಟ್ಟಬೇಕಾಯಿತು. ಹಣ ಪೂರ್ತಿ ತಲುಪಿತು. ಸರಕು ಬಂದ ಮೇಲೆ ಆಮದಿನ ಕಾಗದವನ್ನು ಬ್ಯಾಂಕಿಗೆ ಒಪ್ಪಿಸಿದೆವು. ವ್ಯಾಪಾರಕ್ಕೆ ಮುಂಗಡ ಕಳಿಸಿದವರು ಇದನ್ನು ಮಾಡಲೇಬೇಕು, ಇಲ್ಲದಿದ್ದರೆ ಆ ಪಾವತಿ ಬ್ಯಾಂಕಿನ ಲೆಕ್ಕದಲ್ಲಿ ತೆರೆದೇ ಉಳಿಯುತ್ತದೆ.

ಮೂರನೇ ಬಾರಿಗೆ ನಾವು ಯಾರೂ ಎಣಿಸದ್ದು ನಡೆಯಿತು. ರಾಮಣ್ಣ ಬೇಕಾದ ಪಟ್ಟಿ ಕಳಿಸಿ ಬಿಲ್ಲಿಗೆ ಕಾಯುತ್ತಿದ್ದರೆ, ಪಾರ್ಸೆಲ್ ಹೊರಟಿದೆ ಎಂಬ ಸುದ್ದಿ ಬಂತು. ಬಿಲ್ಲು ಒಳಗಿದೆ, 14 ದಿನದೊಳಗೆ ಕಟ್ಟಿ. ಮೊದಲು 12 ಯೂರೋ ಬಾಕಿಗೆ ಸರಕು ತಡೆದ ಅಂಗಡಿ ಇದೇ. ಈಗ ಒಂದು ಪೈಸೆ ಬರುವ ಮುಂಚೆ ಸಮುದ್ರದಾಚೆಗೆ ಕಳಿಸಿದೆ. ಇದೂ ಜರ್ಮನಿಯ ರೂಢಿಯೇ. ಪರಿಚಯದ ಗಿರಾಕಿಗೆ ಸರಕು ಮೊದಲು, ಹಣ ಆಮೇಲೆ.

ರಾಮಣ್ಣನಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. "ನಮ್ಮ ಮಂಡಿ ಲೆಕ್ಕದ ಹಾಗೇ ಅಲ್ವಾ?" ಎಂದರು. ಅಡಿಕೆ ಬೆಳೆಗಾರ ವರ್ಷವಿಡೀ ಮಂಡಿಯಲ್ಲಿ ಮುಂಗಡ ಪಡೆದು, ಫಸಲು ಮಾರಿದಾಗ ತೀರಿಸುವುದು ಇಲ್ಲಿನ ಹಳೆಯ ಪದ್ಧತಿ. ಹೊಸಬನಿಗೆ ಮಂಡಿಯವರು ಯಾರೂ ಹಾಗೆ ಕೊಡುವುದಿಲ್ಲ, ಒಂದೆರಡು ಫಸಲು ನೋಡುತ್ತಾರೆ. ರಾಮಣ್ಣ ಆ ವಾರವೇ ಹಣ ಕಳಿಸಲು ಹೊರಟರು. ಗಡುವಿನ ಕೊನೆಯ ದಿನದವರೆಗೆ ಕಾಯುವುದು ಬೇಡ, ಸ್ವಿಫ್ಟ್ ತಲುಪಲು ದಿನ ಹಿಡಿಯುತ್ತದೆ ಎಂದು ನಾನೂ ಹೇಳಿದೆ. ಮೊದಲ ಬಾರಿ ಎಡವಿದ ಲೆಕ್ಕ ಮೂರನೇ ಬಾರಿಗೆ ನಂಬಿಕೆಯಾಗಿ ತಿರುಗಿತಲ್ಲ, ಅದನ್ನು ಉಳಿಸಿಕೊಳ್ಳುವುದು ನಮ್ಮ ಜವಾಬ್ದಾರಿ.

ಉಳಿದ ಪ್ರಶ್ನೆಗಳು

ಇದರಿಂದ ನಾನು ಈಗ ಎಲ್ಲರಿಗೂ ಹೇಳುವುದು ಹೀಗೆ. ಹೊರದೇಶದ ಅಂಗಡಿಯವರಿಗೆ ಮೊದಲ ಪತ್ರದಲ್ಲೇ, ನಿಮ್ಮ ಊರಿನ ಗಿರಾಕಿಗಳು ಹೇಗೆ ಹಣ ಕಟ್ಟುತ್ತಾರೆ ಎಂದು ಕೇಳಿ. ಆ ಉತ್ತರದಲ್ಲಿ ಅವರ ರೂಢಿ ಗೊತ್ತಾಗುತ್ತದೆ. ಅದರಲ್ಲಿ ಇಲ್ಲಿಂದ ತಲುಪುವ ದಾರಿ ಯಾವುದು ಎಂದು ಆಮೇಲೆ ನೋಡಿ. ಅವರು ಕೇಳುವ ರೀತಿ ನಮಗೆ ಹೊಸತು ಎಂಬುದಷ್ಟೇ ಮೋಸದ ಗುರುತಲ್ಲ. ಹಾಗೆಯೇ ನಮಗೆ ಪರಿಚಿತ ಎಂಬುದು ಭದ್ರತೆಯ ಗುರುತೂ ಅಲ್ಲ. ಗಿಫ್ಟ್ ಕಾರ್ಡಿನ ಸಂಖ್ಯೆ ಕೇಳಿದರೆ, ಕಂಪನಿಯ ಹೆಸರು ಹೇಳಿ ಬೇರೆ ವ್ಯಕ್ತಿಯ ಖಾತೆ ಕೊಟ್ಟರೆ, ಮಧ್ಯದಲ್ಲಿ ಖಾತೆ ಬದಲಾಗಿದೆ ಎಂದರೆ, ಯಾವ ದೇಶವಾದರೂ ಅಲ್ಲಿಗೇ ನಿಲ್ಲಿಸಿ.

ಪೂರ್ತಿ ಬಗೆಹರಿಯದ್ದೂ ಇದೆ. ಒಂದೇ ಒಂದು ಸಣ್ಣ ಭಾಗ ಬೇಕಾದವರು, ಜೊತೆ ಸೇರಿಸಲು ಯಾರೂ ಇಲ್ಲದವರು, ಕಾರ್ಡು ಒಪ್ಪದ ಅಂಗಡಿಗೆ ಹೇಗೆ ಕಟ್ಟಬೇಕು? ಸದ್ಯಕ್ಕೆ ಅವರಿಗೆ ನಾನು ಕೊಡುವ ಸಲಹೆ ಕಾರ್ಡೋ ಪೇಪಾಲೋ ತೆಗೆದುಕೊಳ್ಳುವ ಬೇರೆ ಅಂಗಡಿ ಹುಡುಕಿ ಎಂಬುದೇ. ಪೇಪಾಲ್ ಭಾರತದೊಳಗಿನ ಪಾವತಿಯನ್ನು 2021ರ ಏಪ್ರಿಲ್‌ನಲ್ಲಿ ನಿಲ್ಲಿಸಿದರೂ ಹೊರದೇಶದವರಿಗೆ ಕಟ್ಟಲು ಇನ್ನೂ ನಡೆಯುತ್ತದೆ. ದರ ಸ್ವಲ್ಪ ಜಾಸ್ತಿಯಾದರೂ ಒಟ್ಟು ಖರ್ಚು ಸ್ವಿಫ್ಟ್‌ಗಿಂತ ಕಡಿಮೆಯಾಗುತ್ತದೆ.

ರಾಮಣ್ಣನ ಅಂಗಡಿಯಲ್ಲಿ ಈಗ ಒಂದು ನೋಟ್‌ಬುಕ್ ಇದೆ. ಸುತ್ತಲಿನ ರಿಪೇರಿಯವರು ಬೇಕಾದ ಸ್ಪ್ರಿಂಗಿನ ಅಗಲ, ದಪ್ಪ, ಉದ್ದ ಅದರಲ್ಲಿ ಬರೆಸುತ್ತಾರೆ. 300 ಯೂರೋ ಮುಟ್ಟಿದಾಗ ಮಗಳು ಪಟ್ಟಿ ಕಳಿಸುತ್ತಾಳೆ. ಮುಂದಿನ ಪಟ್ಟಿ ದೀಪಾವಳಿಯ ಮೊದಲು ಹೋಗಬೇಕು, ಸೊರಬದಿಂದ ಎರಡು ಅಳತೆ ಬರುವುದು ಬಾಕಿ ಇದೆ.